ಒಪ್ಪಿಕೊಂಡರೆ ಉಳಿವು, ನಿರಾಕರಿಸಿದರೆ ನೇಣು: ‘ದಿ ಕ್ರೂಸಿಬಲ್’ ನಾಟಕದೊಳಗಿನ ನ್ಯಾಯಾಲಯ

1692ರ ಏಪ್ರಿಲ್ 11. ಇಂಗ್ಲೆಂಡಿನ ವಸಾಹತಾಗಿದ್ದ ಮ್ಯಾಸಚೂಸೆಟ್ಸ್‌ನ ಸೇಲಂ ಊರಲ್ಲಿ ಎಲಿಜಬೆತ್ ಪ್ರಾಕ್ಟರ್ ಎಂಬ ಹೆಂಗಸನ್ನು ಮಾಟಗಾತಿ ಎಂದು ವಿಚಾರಣೆಗೆ ನಿಲ್ಲಿಸಿದ್ದಾರೆ. ದೂರು ಹೇಳಿದ ಹುಡುಗಿಯರಲ್ಲಿ ಒಬ್ಬಳಾದ ಅಬಿಗೇಲ್ ವಿಲಿಯಮ್ಸ್ ಮುಷ್ಟಿ ಬಿಗಿದು ಅವಳನ್ನು ಹೊಡೆಯಲು ಹೋಗುತ್ತಾಳೆ. ಕೈ ಹತ್ತಿರವಾಗುತ್ತಿದ್ದಂತೆ ಮುಷ್ಟಿ ಬಿಚ್ಚಿಕೊಳ್ಳುತ್ತದೆ. ಚಾಚಿದ ಬೆರಳುಗಳು ಎಲಿಜಬೆತ್‌ಳ ತಲೆಯ ಮುಸುಕನ್ನು ಸೋಕಿಯೂ ಸೋಕದಂತೆ ಮುಟ್ಟುತ್ತವೆ. ಆ ಕ್ಷಣವೇ ಹುಡುಗಿ ‘ನನ್ನ ಬೆರಳು, ನನ್ನ ಬೆರಳು ಸುಟ್ಟಿತು’ ಎಂದು ಚೀರುತ್ತಾಳೆ.

ಇದು ನಾಟಕದ ದೃಶ್ಯವಲ್ಲ, ವಿಚಾರಣೆಯ ಕಡತದಲ್ಲಿ ಬರೆದಿಟ್ಟಿರುವ ಸಂಗತಿ. ಸುಮಾರು 260 ವರ್ಷಗಳ ನಂತರ ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಇದನ್ನು ಓದಿದರು. ಆ ಹುಡುಗಿ ಹಿಂದೆ ಪ್ರಾಕ್ಟರ್ ಮನೆಯಲ್ಲಿ ಕೆಲಸಕ್ಕಿದ್ದವಳಿರಬೇಕು, ಆ ಮನೆಯಲ್ಲಿ ಏನೋ ನಡೆದಿರಬೇಕು ಎಂದು ಅವರಿಗೆ ಹೊಳೆಯಿತು. ಆ ಊಹೆಯಿಂದ ಹುಟ್ಟಿದ ನಾಟಕ ‘ದಿ ಕ್ರೂಸಿಬಲ್’. 1953ರ ಜನವರಿ 22ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಅದರ ಮೊದಲ ಪ್ರದರ್ಶನವಾಯಿತು.

ನಾಟಕವನ್ನು ಮೊದಲ ಸಲ ಓದಿದವರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ: ‘ಇಷ್ಟು ಮಂದಿ ದೊಡ್ಡವರು ನಾಲ್ಕು ಹುಡುಗಿಯರ ಮಾತನ್ನು ಹೇಗೆ ನಂಬಿದರು?’ ಮೂಢನಂಬಿಕೆ ಎಂದು ಒಂದೇ ಪದದಲ್ಲಿ ಉತ್ತರ ಹೇಳಿ ಮುಗಿಸಿದರೆ ನಾಟಕ ಕೈಗೆ ಸಿಗುವುದಿಲ್ಲ. ಸೇಲಂನ ನ್ಯಾಯಾಧೀಶರು ದಡ್ಡರಲ್ಲ, ಓದಿಕೊಂಡವರು. ಅವರು ಕಟ್ಟಿದ ವ್ಯವಸ್ಥೆಗೆ ತನ್ನದೇ ತರ್ಕವಿತ್ತು. ಒಳಗೆ ಬಂದವರಿಗೆ ಸುಳ್ಳು ಹೇಳಿಯೇ ಹೊರಗೆ ಹೋಗಬೇಕಾದಂತಹ ತರ್ಕ ಅದು. ಆ ಬೀಗ ಹೇಗೆ ಬಿದ್ದಿತು ಎಂದು ತಿಳಿದರೆ ನಾಟಕದ ಕೊನೆಯ ಅಂಕ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲು ಮಾಟ ಎಂಬ ಪದ. ನಮ್ಮಲ್ಲಿ ಮಾಟ ಎಂದರೆ ನಿಂಬೆಹಣ್ಣು, ಬೊಂಬೆ, ಸೂಜಿ, ಹೊಸಿಲ ಮುಂದೆ ಚೆಲ್ಲಿದ ಕುಂಕುಮ. ಒಬ್ಬರು ಇನ್ನೊಬ್ಬರಿಗೆ ಕೇಡು ಬಗೆಯುವ ಕೆಲಸ. ಸೇಲಂನಲ್ಲಿ ನೆಲೆಸಿದ್ದ ಪ್ಯೂರಿಟನ್ ಕ್ರೈಸ್ತರಿಗೆ ಅದು ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಇಂಗ್ಲೆಂಡಿನ ಚರ್ಚು ಕೆಟ್ಟಿದೆ, ಅದನ್ನು ಶುದ್ಧ ಮಾಡಬೇಕು ಎಂದು ಹೊರಟವರು ಅವರು. ಕಡಲು ದಾಟಿ ಬಂದು, ದೇವರೊಡನೆ ಒಪ್ಪಂದ ಮಾಡಿಕೊಂಡ ಸಮಾಜ ತಮ್ಮದೆಂದು ನಂಬಿದ್ದರು. ಅವರ ಲೆಕ್ಕದಲ್ಲಿ ಮಾಟಗಾತಿ ಎಂದರೆ ಆ ಒಪ್ಪಂದವನ್ನು ಮುರಿದು ಸೈತಾನನ ಪುಸ್ತಕಕ್ಕೆ ಸಹಿ ಹಾಕಿದವಳು. ಅಂದರೆ ದ್ರೋಹಿ. ದ್ರೋಹಿ ಒಬ್ಬಳೇ ಇರುವುದಿಲ್ಲ, ಅವಳ ಹಿಂದೆ ಒಂದು ಗುಂಪು ಇರುತ್ತದೆ. ಹಾಗಾಗಿ ‘ನೀನು ಏನು ಮಾಡಿದೆ’ ಎಂಬ ಪ್ರಶ್ನೆಯ ಬೆನ್ನಿಗೇ ‘ನಿನ್ನ ಜೊತೆ ಯಾರಿದ್ದರು’ ಎಂಬ ಪ್ರಶ್ನೆಯೂ ಬರುತ್ತಿತ್ತು.

ಪಾದ್ರಿ ಸ್ಯಾಮುಯೆಲ್ ಪ್ಯಾರಿಸ್‌ನ ಮನೆಯಲ್ಲಿ ಅವನ 9 ವರ್ಷದ ಮಗಳು ಬೆಟ್ಟಿಗೂ ಬಂಧು ಹುಡುಗಿ ಅಬಿಗೇಲ್‌ಗೂ ವಿಚಿತ್ರ ಸಂಕಟ ಶುರುವಾದದ್ದು 1692ರ ಚಳಿಗಾಲದಲ್ಲಿ. ಫೆಬ್ರವರಿ 29ರಂದು ಮೂವರ ಮೇಲೆ ವಾರಂಟ್ ಹೊರಟಿತು: ಭಿಕ್ಷೆ ಬೇಡಿ ಬದುಕುತ್ತಿದ್ದ ಸಾರಾ ಗುಡ್, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಸಾರಾ ಆಸ್ಬರ್ನ್, ಪ್ಯಾರಿಸ್ ಮನೆಯ ಗುಲಾಮಳು ಟಿಟುಬಾ. ಊರಲ್ಲಿ ಯಾರ ಪರ ಯಾರೂ ಮಾತಾಡುವುದಿಲ್ಲವೋ ಅಂಥವರಿಂದಲೇ ಆರಂಭ. ಮೊದಲಿಬ್ಬರು ಇಲ್ಲವೆಂದರು. ಟಿಟುಬಾ ಒಪ್ಪಿಕೊಂಡಳು. ಸೈತಾನನ ಪುಸ್ತಕದಲ್ಲಿ ಒಂಬತ್ತು ಗುರುತುಗಳನ್ನು ಕಂಡೆ ಎಂದಳು. ಗುಡ್ ಮತ್ತು ಆಸ್ಬರ್ನ್ ಹೆಸರು ಹೇಳಿದಳು, ಉಳಿದವರು ಯಾರೆಂದು ತಿಳಿಯದು ಎಂದಳು.

ಆ ‘ಒಂಬತ್ತು’ ಎಂಬ ಸಂಖ್ಯೆಯೇ ಊರಿಗೆ ಬೆಂಕಿ ಹಚ್ಚಿತು ಎಂದು ನನಗನಿಸುತ್ತದೆ. ಮೂವರು ಸಿಕ್ಕರು, ಹಾಗಾದರೆ ಉಳಿದವರು ಯಾರು? ಪಕ್ಕದ ಮನೆಯವಳೇ? ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುವ ಅಜ್ಜಿಯೇ? ಮನೆಯವರ ಕೈಕೆಳಗಿನ ಗುಲಾಮಳೊಬ್ಬಳು ಜೀವ ಉಳಿಸಿಕೊಳ್ಳಲು ಹೇಳಿದ ಕಥೆ ಇಡೀ ವಸಾಹತಿನ ತಲೆಯೊಳಗೆ ಲೆಕ್ಕವಾಗಿ ಕೂತಿತು.

ಇನ್ನು ಸಾಕ್ಷಿ. ಕಳ್ಳತನಕ್ಕೆ ಕದ್ದ ಮಾಲು ಇರುತ್ತದೆ, ಕೊಲೆಗೆ ಹೆಣ ಇರುತ್ತದೆ. ಮಾಟಕ್ಕೆ? ನಾಟಕದ ಮೂರನೇ ಅಂಕದಲ್ಲಿ ನ್ಯಾಯಾಧೀಶನಾಗಿ ಕೂತ ಡೆಪ್ಯುಟಿ ಗವರ್ನರ್ ಡ್ಯಾನ್‌ಫೋರ್ತ್ ಇದನ್ನು ಶಾಂತವಾಗಿ ವಿವರಿಸುತ್ತಾನೆ. ಮಾಟ ಕಣ್ಣಿಗೆ ಕಾಣದ ಅಪರಾಧ, ಅದನ್ನು ಬಲ್ಲವರು ಇಬ್ಬರೇ: ಮಾಡಿದವಳು ಮತ್ತು ಅನುಭವಿಸಿದವಳು. ಮಾಡಿದವಳು ತಾನಾಗಿ ಹೇಳುವುದಿಲ್ಲ. ಆದ್ದರಿಂದ ಅನುಭವಿಸಿದವಳ ಮಾತನ್ನೇ ನಂಬಬೇಕು. ವಾದದಲ್ಲಿ ಎಲ್ಲೂ ಬಿರುಕು ಕಾಣುವುದಿಲ್ಲ. ಕಾಣದಿರುವುದೇ ಭಯಂಕರ. ಈ ನಿಯಮದಡಿ ವಕೀಲರಿಗೆ ಕೆಲಸವಿಲ್ಲ, ಸಾಕ್ಷಿಗಳಿಗೆ ಬೆಲೆಯಿಲ್ಲ, ಆರೋಪಿಯ ಮಾತಿಗಂತೂ ಅರ್ಥವೇ ಇಲ್ಲ.

ನಿಜವಾದ ಸೇಲಂನಲ್ಲಿ ಇದಕ್ಕೆ ಇನ್ನೊಂದು ರೂಪವಿತ್ತು. ಮಾಟಗಾತಿ ಮನೆಯಲ್ಲಿ ಮಲಗಿದ್ದರೂ ಅವಳ ನೆರಳುರೂಪ ಹೊರಟು ಹೋಗಿ ಇನ್ನೊಬ್ಬರನ್ನು ಚಿವುಟಬಹುದು, ಕತ್ತು ಹಿಸುಕಬಹುದು ಎಂಬ ನಂಬಿಕೆ. ಈ ನೆರಳಿನ ಸಾಕ್ಷ್ಯವನ್ನು ಕೋರ್ಟು ಸ್ವೀಕರಿಸಿತು. ‘ಆ ರಾತ್ರಿ ನಾನು ನನ್ನ ಮನೆಯಲ್ಲೇ ಇದ್ದೆ, ಗಂಡ ಮಕ್ಕಳೆಲ್ಲ ನೋಡಿದ್ದಾರೆ’ ಎಂದರೆ ಉಪಯೋಗವಿಲ್ಲ. ಮೈ ಮನೆಯಲ್ಲಿತ್ತು, ನೆರಳು ಹೋಗಿತ್ತು. ವಿಚಾರಣೆ ನಡೆಯುತ್ತಿರುವಾಗಲೇ ಹುಡುಗಿಯರು ತೊಲೆಯ ಕಡೆ ಕೈ ತೋರಿಸಿ ‘ಅಗೋ, ಅಲ್ಲಿ ಕೂತಿದ್ದಾಳೆ’ ಎನ್ನುತ್ತಿದ್ದರು. ನಾಟಕದಲ್ಲಿ ಇದು ಹಳದಿ ಹಕ್ಕಿಯಾಗಿ ಬರುತ್ತದೆ. ಅಬಿಗೇಲ್ ಸೂರಿನ ಕಡೆ ನೋಡುತ್ತ ಇಲ್ಲದ ಹಕ್ಕಿಯೊಡನೆ ಮಾತಾಡುತ್ತಾಳೆ, ಉಳಿದ ಹುಡುಗಿಯರು ದನಿಗೂಡಿಸುತ್ತಾರೆ, ಅದೇ ಗುಂಪಿನಲ್ಲಿದ್ದು ಈಗ ಸತ್ಯ ಹೇಳಲು ಬಂದಿದ್ದ ಮೇರಿ ವಾರೆನ್ ಅವರ ನಡುವೆ ಒಂಟಿಯಾಗಿ ನಿಂತು ಕೊನೆಗೆ ಕುಸಿದು ಅವರ ಗುಂಪಿಗೇ ಓಡುತ್ತಾಳೆ. ಒಳ್ಳೆಯ ಪ್ರಯೋಗವಾದರೆ ಆ ಹೊತ್ತಿಗೆ ಪ್ರೇಕ್ಷಕರೂ ಒಮ್ಮೆ ಮೇಲೆ ನೋಡಿಬಿಡುತ್ತಾರೆ.

ಈಗ ಆ ಬೀಗ. ಮೇ ಕೊನೆಯಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ನೇಮಿಸಿದ ವಿಶೇಷ ನ್ಯಾಯಾಲಯಕ್ಕೆ ವಿಲಿಯಂ ಸ್ಟೌಟನ್ ಮುಖ್ಯ ನ್ಯಾಯಾಧೀಶ. ಅಲ್ಲಿ ‘ಹೌದು, ನಾನು ಮಾಟಗಾತಿ’ ಎಂದು ಒಪ್ಪಿಕೊಂಡವರಿಗೆ ನೇಣಾಗಲಿಲ್ಲ. ಪಶ್ಚಾತ್ತಾಪ ಪಟ್ಟವರು, ಇನ್ನಷ್ಟು ಹೆಸರು ಕೊಡಬಲ್ಲವರು ಎಂದು ಅವರನ್ನು ಉಳಿಸಿಕೊಂಡರು. ಇಲ್ಲವೆಂದವರು ಗಲ್ಲಿಗೇರಿದರು. ಸ್ಯಾಮುಯೆಲ್ ವಾರ್ಡ್‌ವೆಲ್ ಎಂಬಾತ ಮೊದಲು ಒಪ್ಪಿಕೊಂಡ, ಆಮೇಲೆ ಮನಸ್ಸು ತಡೆಯದೆ ಅದು ಸುಳ್ಳೆಂದ. ಸೆಪ್ಟೆಂಬರ್ 22ರಂದು ಅವನನ್ನು ನೇಣಿಗೆ ಹಾಕಿದರು. ಸುಳ್ಳು ಹೇಳಿದ್ದಾಗ ಬದುಕಿದ್ದ, ನಿಜ ಹೇಳಿದಾಗ ಸತ್ತ. ಇಡೀ ನಾಟಕದ ಕೀಲು ಇಲ್ಲಿದೆ.

ಜೂನ್ 10ರಂದು ಬ್ರಿಜೆಟ್ ಬಿಷಪ್‌ಳಿಂದ ಶುರುವಾಗಿ ಸೆಪ್ಟೆಂಬರ್ 22ರ ಹೊತ್ತಿಗೆ 19 ಜನರಿಗೆ ನೇಣಾಯಿತು: 14 ಹೆಂಗಸರು, 5 ಗಂಡಸರು. ಸೇಲಂನಲ್ಲಿ ಮಾಟಗಾತಿಯರನ್ನು ಸುಟ್ಟರು ಎಂಬ ಮಾತು ಈಗಲೂ ಕೇಳಿಬರುತ್ತದೆ. ಅಲ್ಲಿ ಯಾರನ್ನೂ ಸುಡಲಿಲ್ಲ. ಜೈಲಿನಲ್ಲೇ ಸತ್ತವರು ಕನಿಷ್ಠ ಐವರು. ಸಾರಾ ಗುಡ್‌ಳ ನಾಲ್ಕೈದು ವರ್ಷದ ಮಗಳು ಡೊರೊತಿಗೂ ಸಂಕೋಲೆ ಹಾಕಿ ತಿಂಗಳುಗಟ್ಟಲೆ ಜೈಲಿನಲ್ಲಿಟ್ಟಿದ್ದರು. ಆ ಮಗುವಿನ ಕೈಗೆ ಹಾಕಿದ ಕಬ್ಬಿಣದ ಅಳತೆ ಎಷ್ಟಿದ್ದಿರಬಹುದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಇಬ್ಬರು ಮುದುಕರ ಕಥೆ ಹೇಳದೆ ಮುಂದೆ ಹೋಗಲಾರೆ. ರೆಬೆಕಾ ನರ್ಸ್ 71 ವರ್ಷದ ದೈವಭಕ್ತೆ, ಕಿವಿ ಮಂದ. ಅವಳ ಪರವಾಗಿ 39 ಮಂದಿ ನೆರೆಹೊರೆಯವರು ಧೈರ್ಯಮಾಡಿ ಮನವಿಗೆ ಸಹಿ ಹಾಕಿದರು. ಜ್ಯೂರಿ ಮೊದಲು ಅವಳನ್ನು ನಿರ್ದೋಷಿ ಎಂದೇ ಹೇಳಿತು. ಹುಡುಗಿಯರು ಕಿರುಚಾಡಿದರು. ತಪ್ಪೊಪ್ಪಿಕೊಂಡ ಇನ್ನೊಬ್ಬ ಹೆಂಗಸನ್ನು ಕರೆತಂದಾಗ ರೆಬೆಕಾ ‘ಅವಳು ನಮ್ಮವಳೇ’ ಎಂದಳಲ್ಲ, ಅದನ್ನು ಗಮನಿಸಿದಿರಾ ಎಂದು ಸ್ಟೌಟನ್ ಜ್ಯೂರಿಯನ್ನು ಕೇಳಿದ. ನಮ್ಮವಳು ಎಂದರೆ ನಮ್ಮ ಹಾಗೇ ಕೈದಿ ಎಂದು ಅವಳ ಅರ್ಥ. ಜ್ಯೂರಿಯವರು ವಿವರಣೆ ಕೇಳಿದಾಗ ಅದು ಅವಳ ಕಿವಿಗೆ ಬೀಳಲಿಲ್ಲ, ಅವಳು ಸುಮ್ಮನೆ ನಿಂತಳು. ಆ ಮೌನವನ್ನೇ ಹಿಡಿದು ತೀರ್ಪು ಬದಲಾಯಿತು. ಜುಲೈ 19ರಂದು ಅವಳನ್ನು ನೇಣಿಗೇರಿಸಿದರು.

ಜೈಲ್ಸ್ ಕೋರಿಗೆ ಸುಮಾರು 80 ವರ್ಷ. ಅವನು ತಪ್ಪಿತಸ್ಥ ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಕಾನೂನಿನ ಪ್ರಕಾರ ಆರೋಪಿ ಬಾಯಿ ಬಿಡದೆ ವಿಚಾರಣೆ ನಡೆಯುವಂತಿಲ್ಲ. ಬಾಯಿ ಬಿಡಿಸಲು ಅವನ ಮೈಮೇಲೆ ಹಲಗೆಯಿಟ್ಟು ಕಲ್ಲು ಪೇರಿಸಿದರು. ‘ಇನ್ನೂ ಭಾರ ಹಾಕಿ’ ಎಂದನಂತೆ. ಸೆಪ್ಟೆಂಬರ್ 19ರಂದು ಸತ್ತ. ಆ ನ್ಯಾಯಾಲಯಕ್ಕೆ ಬೇಕಾದ ಒಂದೇ ವಸ್ತು ಆರೋಪಿಯ ಮಾತು. ಅದನ್ನೇ ಅವನು ಕೊಡಲಿಲ್ಲ.

ಮಿಲ್ಲರ್ ಈ ಹಳೆಯ ಕಡತಗಳನ್ನು ಹುಡುಕಿಕೊಂಡು ಸೇಲಂಗೆ ಹೋದದ್ದು 1952ರ ವಸಂತದಲ್ಲಿ. ಅಮೆರಿಕದಲ್ಲಿ ಆಗ ಕಮ್ಯುನಿಸ್ಟರ ಭಯ ಹಬ್ಬಿತ್ತು. ವಿಸ್ಕಾನ್ಸಿನ್ನಿನ ಸೆನೆಟರ್ ಜೋಸೆಫ್ ಮೆಕಾರ್ಥಿ 1950ರ ಫೆಬ್ರವರಿಯಿಂದ, ಸರಕಾರದೊಳಗೇ ಕಮ್ಯುನಿಸ್ಟರು ತುಂಬಿದ್ದಾರೆ ಎಂದು ಅಬ್ಬರಿಸುತ್ತಿದ್ದರು. ಸಂಸತ್ತಿನ ಕೆಳಮನೆಯ ಸಮಿತಿಯೊಂದು ಬರಹಗಾರರನ್ನು, ನಟರನ್ನು, ನಿರ್ದೇಶಕರನ್ನು ಕರೆಸಿ ‘ನೀವು ಕಮ್ಯುನಿಸ್ಟ್ ಪಕ್ಷದ ಸದಸ್ಯರೇ, ಹಿಂದೆಂದಾದರೂ ಆಗಿದ್ದಿರೇ’ ಎಂದು ಕೇಳುತ್ತಿತ್ತು. ಹೌದು ಎಂದರೆ ಸಾಲದು, ಜೊತೆಗಿದ್ದವರ ಹೆಸರು ಹೇಳಬೇಕು. ಎಷ್ಟೋ ಸಲ ಆ ಹೆಸರುಗಳು ಸಮಿತಿಗೆ ಮೊದಲೇ ಗೊತ್ತಿದ್ದವು. ಅವರಿಗೆ ಬೇಕಾದದ್ದು ಮಾಹಿತಿಯಲ್ಲ, ಹೆಸರು ಹೇಳುವ ಆ ಕ್ರಿಯೆ. ಎಲ್ಲರೆದುರು ಹಳೆಯ ಗೆಳೆಯರಿಂದ ಕಳಚಿಕೊಳ್ಳುವುದು. ಹೇಳದವರಿಗೆ ಕೆಲಸ ಸಿಗುತ್ತಿರಲಿಲ್ಲ, ಕೆಲವರು ಜೈಲಿಗೂ ಹೋದರು. ಮಿಲ್ಲರ್ ಅವರ ಆಪ್ತ, ಅವರ ನಾಟಕಗಳನ್ನು ನಿರ್ದೇಶಿಸಿದ್ದ ಎಲಿಯಾ ಕಜಾನ್ ಆ ಏಪ್ರಿಲ್‌ನಲ್ಲಿ ಸಮಿತಿಯ ಮುಂದೆ ಹೆಸರುಗಳನ್ನು ಕೊಟ್ಟರು. ಅದಕ್ಕೆ ಮೊದಲು ಆ ವಿಷಯ ಮಾತಾಡಲು ಕಜಾನ್ ಮನೆಗೆ ಹೋದ ಮಿಲ್ಲರ್ ಅಲ್ಲಿಂದ ಸೇಲಂ ದಾರಿ ಹಿಡಿದರು.

ನಾಟಕ ಬಂದಾಗ ಹಲವರು ಒಂದು ಆಕ್ಷೇಪ ಎತ್ತಿದರು, ಈಗಲೂ ಎತ್ತುತ್ತಾರೆ: ಮಾಟಗಾತಿಯರು ಇರಲಿಲ್ಲ, ಕಮ್ಯುನಿಸ್ಟರು ಇದ್ದರು, ಹೋಲಿಕೆ ಹೇಗೆ ಸರಿ? ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಮಿಲ್ಲರ್ ಅವರ ಉತ್ತರವೂ ಗಟ್ಟಿಯಾದದ್ದು. 1692ರಲ್ಲಿ ನಿಂತು ನೋಡಿ, ಮಾಟಗಾತಿಯರು ಇಲ್ಲ ಎನ್ನುವುದೇ ಅಂದು ದೈವನಿಂದೆ. ಪಂಡಿತರೂ ಅವರ ಇರವನ್ನು ನಂಬಿದ್ದರು. ನನ್ನ ಮಟ್ಟಿಗೆ ಹೋಲಿಕೆ ನಿಲ್ಲುವುದು ಇನ್ನೊಂದು ಕಡೆ. ಹುಡುಕುವ ವಸ್ತು ಇದೆಯೋ ಇಲ್ಲವೋ ಎಂಬುದರ ಮೇಲೆ ಅಲ್ಲ, ಹುಡುಕುವ ಕ್ರಮದ ಮೇಲೆ. ನಾಟಕದಲ್ಲಿ ಎಲಿಜಬೆತ್‌ಳ ಗಂಡ ಜಾನ್ ಪ್ರಾಕ್ಟರ್ ತನ್ನ ಹೆಂಡತಿ, ರೆಬೆಕಾ, ಜೈಲ್ಸ್‌ನ ಹೆಂಡತಿ ಮಾರ್ಥಾ ಕೋರಿ ಒಳ್ಳೆಯವರೆಂದು 91 ಜನ ರೈತರು ಸಹಿ ಹಾಕಿದ ಹಾಳೆಯನ್ನು ಕೋರ್ಟಿಗೆ ತರುತ್ತಾನೆ. ಡ್ಯಾನ್‌ಫೋರ್ತ್ ಏನು ಮಾಡುತ್ತಾನೆ? ಆ 91 ಜನರನ್ನೂ ವಿಚಾರಣೆಗೆ ಕರೆತರಲು ವಾರಂಟ್ ಬರೆಸುತ್ತಾನೆ. ಒಳ್ಳೆಯ ಮಾತು ಹೇಳಿದವರ ಪಟ್ಟಿಯೇ ಆರೋಪಿಗಳ ಪಟ್ಟಿಯಾಗಿಬಿಡುತ್ತದೆ. ಹುಡುಕುವುದು ಮಾಟಗಾತಿಯನ್ನಾಗಲಿ, ಗೂಢಚಾರನನ್ನಾಗಲಿ, ಈ ಕ್ರಮದಲ್ಲಿ ನಿರಪರಾಧಿಗೆ ದಾರಿಯಿಲ್ಲ. ಚೀನಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ ನಿಯೆನ್ ಚೆಂಗ್ ಶಾಂಘೈಯಲ್ಲಿ ಈ ನಾಟಕ ನೋಡಿ, ಇದನ್ನು ಚೀನೀಯನಲ್ಲದವನೊಬ್ಬ ಬರೆದಿದ್ದಾನೆಂದು ನಂಬಲಾಗಲಿಲ್ಲ ಎಂದು ಮಿಲ್ಲರ್‌ಗೆ ಹೇಳಿದ್ದರು. ಅವರ ವಿಚಾರಣೆಯ ಪ್ರಶ್ನೆಗಳೂ ಇವೇ ಆಗಿದ್ದವಂತೆ.

ಮಿಲ್ಲರ್ ಬದಲಿಸಿದ್ದೇನು ಎಂಬುದನ್ನೂ ತಿಳಿದಿರಬೇಕು, ಏಕೆಂದರೆ ಬಹಳ ಜನ ನಾಟಕವನ್ನೇ ಇತಿಹಾಸ ಎಂದುಕೊಂಡಿದ್ದಾರೆ. ನಾಟಕದ ಜಾನ್ ಪ್ರಾಕ್ಟರ್ ಮೂವತ್ತರ ಹರೆಯದ ಗಟ್ಟಿಮುಟ್ಟಾದ ರೈತ, ಅಬಿಗೇಲ್‌ಗೆ 17 ವರ್ಷ. ಇಬ್ಬರ ನಡುವೆ ಸಂಬಂಧವಿತ್ತು, ಎಲಿಜಬೆತ್ ಅವಳನ್ನು ಕೆಲಸದಿಂದ ಬಿಡಿಸಿದಳು, ಆ ಸೇಡಿಗೆ ಅಬಿಗೇಲ್ ಅವಳ ಹೆಸರೆತ್ತಿದಳು ಎಂಬುದು ಕಥೆ. ನಿಜದಲ್ಲಿ ಪ್ರಾಕ್ಟರ್‌ಗೆ ಸುಮಾರು 60, ಅಬಿಗೇಲ್‌ಗೆ ಹನ್ನೊಂದೋ ಹನ್ನೆರಡೋ. ಆ ಸಂಬಂಧ ಪೂರ್ತಿ ಕಲ್ಪನೆ. ಪ್ರಾಕ್ಟರ್ ಮನೆಯ ಕೆಲಸದವಳು ಮೇರಿ ವಾರೆನ್ ಎಂಬುದು ಮಾತ್ರ ನಿಜ.

ಈ ಕಲ್ಪನೆಯಿಂದ ನಾಟಕಕ್ಕೆ ದೊಡ್ಡ ಲಾಭವಾಗಿದೆ. ಪ್ರಾಕ್ಟರ್ ಮೊದಲೇ ಒಳಗೊಳಗೆ ಅಪರಾಧಿ. ಎರಡನೇ ಅಂಕದಲ್ಲಿ ಪಾದ್ರಿ ಹೇಲ್ ಹತ್ತು ದೇವಾಜ್ಞೆಗಳನ್ನು ಹೇಳು ಎಂದಾಗ ಒಂಬತ್ತನ್ನು ಹೇಳಿ ಒಂದರಲ್ಲಿ ತಡವರಿಸುತ್ತಾನೆ. ಆ ಮರೆತದ್ದನ್ನು, ವ್ಯಭಿಚಾರ ಮಾಡಬೇಡ ಎಂಬುದನ್ನು, ಪಕ್ಕದಲ್ಲಿ ನಿಂತ ಹೆಂಡತಿ ಮೆಲ್ಲಗೆ ನೆನಪಿಸುತ್ತಾಳೆ. ಮೂರನೇ ಅಂಕದಲ್ಲಿ ಅವಳನ್ನು ಉಳಿಸಲು ಅವನು ತನ್ನ ಮಾನ ಬಿಟ್ಟು ಎಲ್ಲರೆದುರು ಆ ಸಂಬಂಧವನ್ನು ಒಪ್ಪಿಕೊಳ್ಳುತ್ತಾನೆ. ನನ್ನ ಹೆಂಡತಿ ಎಂದೂ ಸುಳ್ಳು ಹೇಳುವವಳಲ್ಲ, ಕೇಳಿ ನೋಡಿ ಎನ್ನುತ್ತಾನೆ. ಅವಳನ್ನು ಕರೆಸುತ್ತಾರೆ. ಗಂಡನ ಮಾನ ಉಳಿಸಲು, ಜೀವನದಲ್ಲಿ ಒಂದೇ ಒಂದು ಸಲ, ಅವಳು ಸುಳ್ಳು ಹೇಳುತ್ತಾಳೆ. ಆ ಸುಳ್ಳಿನಿಂದಲೇ ಇಬ್ಬರೂ ಮುಳುಗುತ್ತಾರೆ. ನನಗೆ ಗೊತ್ತಿರುವ ನಾಟಕಗಳಲ್ಲಿ ಒಂದೇ ಒಂದು ‘ಇಲ್ಲ’ ಇಷ್ಟು ಭಾರ ಹೊತ್ತಿರುವುದು ಬೇರೆಲ್ಲೂ ಇಲ್ಲ.

ಆದರೆ ನಷ್ಟವೂ ಇದೆ. ಜಮೀನಿನ ತಕರಾರು, ಪ್ಯಾರಿಸ್‌ನ ಸಂಬಳ ಮತ್ತು ಸೌದೆಗಾಗಿ ನಡೆದ ಜಗಳ, ಗಡಿಯಲ್ಲಿ ಮೂಲನಿವಾಸಿಗಳೊಡನೆ ನಡೆಯುತ್ತಿದ್ದ ಯುದ್ಧದ ಭೀತಿ ಇವೆಲ್ಲ ಸೇರಿ ಆದ ದುರಂತ ಸೇಲಂನದು. ನಾಟಕದಲ್ಲಿ ಇವುಗಳ ಸುಳಿವಿದ್ದರೂ ಒಟ್ಟು ಭಾರ ಒಬ್ಬ ಹುಡುಗಿಯ ಕಾಮ ಮತ್ತು ಸೇಡಿನ ಮೇಲೆ ಬೀಳುತ್ತದೆ. ಹನ್ನೊಂದು ವರ್ಷದ ಮಗುವಿಗೆ ವಯಸ್ಸು ಕೂಡಿಸಿ ಮೋಹಿನಿಯಾಗಿಸಿದ್ದು ನನಗೆ ಇಂದಿಗೂ ಸರಿಬರುವುದಿಲ್ಲ. ನಂಬಿದ ದೊಡ್ಡವರಿಗಿಂತ ಹೇಳಿದ ಹುಡುಗಿ ದೊಡ್ಡ ಅಪರಾಧಿಯಾಗಿ ಕಾಣುವ ಅಪಾಯ ಅದರಲ್ಲಿದೆ.

ಕೊನೆಯ ಅಂಕಕ್ಕೆ ಬರೋಣ. ಜೈಲು, ನಸುಕು. ಒಪ್ಪಿಕೊಂಡರೆ ಜೀವ ಉಳಿಯುತ್ತದೆ. ಮೊದಲು ಮಾಟ ಹುಡುಕಲು ಬಂದಿದ್ದ ಹೇಲ್ ಈಗ ಸುಳ್ಳಾದರೂ ಹೇಳಿ ಬದುಕಿಕೊಳ್ಳಿ ಎಂದು ಕೈದಿಗಳನ್ನು ಬೇಡುತ್ತಿದ್ದಾನೆ. ಪ್ರಾಕ್ಟರ್ ಬಾಯಲ್ಲಿ ಒಪ್ಪಿಕೊಳ್ಳುತ್ತಾನೆ. ತಾನು ಸಂತನಲ್ಲ, ರೆಬೆಕಾಳಂಥವರ ಸಾಲಿನಲ್ಲಿ ನಿಂತು ಸಾಯುವ ಯೋಗ್ಯತೆ ತನಗಿಲ್ಲ ಎಂಬುದು ಅವನ ಭಾವನೆ. ಬೇರೆಯವರ ಹೆಸರು ಕೇಳಿದಾಗ ಕೊಡುವುದಿಲ್ಲ. ಹಾಳೆಗೆ ಸಹಿ ಹಾಕು ಎನ್ನುತ್ತಾರೆ, ಹಾಕುತ್ತಾನೆ. ಚರ್ಚಿನ ಬಾಗಿಲಿಗೆ ಹಚ್ಚಲೆಂದು ಅದನ್ನು ತೆಗೆದುಕೊಳ್ಳಲು ಬಂದಾಗ ಹಾಳೆ ಕಿತ್ತುಕೊಳ್ಳುತ್ತಾನೆ. ಆತ್ಮವನ್ನು ಕೊಟ್ಟಾಯಿತು, ನನ್ನ ಹೆಸರನ್ನಾದರೂ ನನಗೆ ಬಿಡಿ ಎಂದು ಕೂಗುತ್ತಾನೆ, ಹಾಳೆ ಹರಿಯುತ್ತಾನೆ. ಸೈತಾನನ ಪುಸ್ತಕಕ್ಕೆ ಸಹಿ ಹಾಕಿದೆ ಎಂದು ಹಿಡಿದು ತಂದವರು ಈಗ ತಮ್ಮ ಪುಸ್ತಕಕ್ಕೆ ಸಹಿ ಕೇಳುತ್ತಿದ್ದಾರೆ. ಎರಡೂ ಕಡೆ ಬೇಕಾದದ್ದು ಹೆಸರು. ಕ್ರೂಸಿಬಲ್ ಎಂದರೆ ಮೂಸೆ, ಅಕ್ಕಸಾಲಿಗ ಚಿನ್ನ ಕರಗಿಸುವ ಬಟ್ಟಲು. ಕಿಟ್ಟ ಕಳೆದು ಲೋಹ ಉಳಿಯುವುದು ಆ ಬೆಂಕಿಯಲ್ಲಿ. ಪ್ರಾಕ್ಟರ್‌ನಲ್ಲಿ ಉಳಿದದ್ದು ಅವನ ಹೆಸರೊಂದೇ.

ನಾಟಕ ಬಂದ ಮೂರು ವರ್ಷಗಳ ನಂತರ ಅದೇ ಪ್ರಶ್ನೆ ಬರೆದವರನ್ನೇ ಹುಡುಕಿಕೊಂಡು ಬಂತು. 1956ರ ಜೂನ್ 21ರಂದು ಮಿಲ್ಲರ್ ಅದೇ ಸಮಿತಿಯ ಮುಂದೆ ಕೂತರು. ತನ್ನ ಬಗ್ಗೆ ಏನು ಬೇಕಾದರೂ ಕೇಳಿ, ಹೇಳುತ್ತೇನೆ; ಇನ್ನೊಬ್ಬರ ಹೆಸರೆತ್ತಿ ಅವರಿಗೆ ತೊಂದರೆ ತರಲಾರೆ ಎಂದರು. 1957ರಲ್ಲಿ ಸಂಸತ್ತಿನ ನಿಂದನೆಯ ಅಪರಾಧಿ ಎಂದು ತೀರ್ಪಾಯಿತು, 1958ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು.

ನಿಜವಾದ ಜಾನ್ ಪ್ರಾಕ್ಟರ್‌ನನ್ನು 1692ರ ಆಗಸ್ಟ್ 19ರಂದು ನೇಣಿಗೇರಿಸಿದರು. ಎಲಿಜಬೆತ್ ಬಸುರಿಯಾಗಿದ್ದರಿಂದ ಅವಳ ಶಿಕ್ಷೆ ಮುಂದಕ್ಕೆ ಹೋಗಿ ಜೀವ ಉಳಿಯಿತು. ಅಕ್ಟೋಬರ್‌ನಲ್ಲಿ ಫಿಪ್ಸ್ ಆ ನ್ಯಾಯಾಲಯವನ್ನೇ ಮುಚ್ಚಿದ. ಮುಂದಿನ ಜನವರಿಯಲ್ಲಿ ಕೂತ ಹೊಸ ಕೋರ್ಟು ನೆರಳಿನ ಸಾಕ್ಷ್ಯವನ್ನು ಬದಿಗಿಟ್ಟಿತು. ಮೊಕದ್ದಮೆಗಳು ಒಂದೊಂದಾಗಿ ಬಿದ್ದುಹೋದವು. ಬಿಡುಗಡೆಯಾದವರೂ ಜೈಲಿನ ಊಟದ ಖರ್ಚು ಕಟ್ಟಿಯೇ ಹೊರಬರಬೇಕಿತ್ತು. 1711ರಲ್ಲಿ ಸರಕಾರ ಪ್ರಾಕ್ಟರ್‌ನ ಹೆಸರಿನ ಮೇಲಿನ ಕಳಂಕ ತೆಗೆಯಿತು, ಕುಟುಂಬಕ್ಕೆ 150 ಪೌಂಡ್ ಪರಿಹಾರ ಕೊಟ್ಟಿತು.

ಎಲ್ಲರಿಗೂ ಅಷ್ಟು ಬೇಗ ಸಿಗಲಿಲ್ಲ. ಎಲಿಜಬೆತ್ ಜಾನ್ಸನ್ ಎಂಬ 22 ವರ್ಷದ ಯುವತಿ 1692ರಲ್ಲಿ ತಪ್ಪೊಪ್ಪಿಕೊಂಡಿದ್ದಳು. 1693ರಲ್ಲಿ ಮರಣದಂಡನೆಯಾಯಿತು, ಆದರೆ ಗವರ್ನರ್ ತಡೆದದ್ದರಿಂದ ಬದುಕಿಕೊಂಡಳು. ಆಮೇಲೆ ಬಂದ ಕ್ಷಮೆಯ ಪಟ್ಟಿಗಳಲ್ಲೆಲ್ಲ ಅವಳ ಹೆಸರು ಬಿಟ್ಟುಹೋಯಿತು. ಅವಳಿಗೆ ಮಕ್ಕಳಿರಲಿಲ್ಲ, ಕೇಳುವವರೂ ಇರಲಿಲ್ಲ. ಮ್ಯಾಸಚೂಸೆಟ್ಸ್‌ನ ನಾರ್ತ್ ಆಂಡೋವರ್ ಊರಿನ ಎಂಟನೇ ತರಗತಿಯ ಮಕ್ಕಳು ಇದನ್ನು ಪಾಠವಾಗಿ ತೆಗೆದುಕೊಂಡು, ಹಳೆಯ ದಾಖಲೆ ಓದಿ, ಶಾಸಕರಿಗೆ ಪತ್ರ ಬರೆದರು. 2022ರಲ್ಲಿ ರಾಜ್ಯದ ಶಾಸನಸಭೆ ಬಜೆಟ್ ಮಸೂದೆಯೊಳಗೆ ಅವಳ ಹೆಸರನ್ನು ಸೇರಿಸಿ, ಅವಳು ನಿರ್ದೋಷಿ ಎಂದು ಬರೆಯಿತು.